ಎಡಗೈಯಲ್ಲಿ ಉಂಡ ಅಜ್ಜಿ

ಆಗ ನನಗೆ ನಲವತ್ತೊಂದು ವರ್ಷ. ಇದು ಇಪ್ಪತ್ತಾರು ವರ್ಷದ ಹಿಂದಿನ ಮಾತು. ಚಳ್ಳಕೆರೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಹಗಲು ಕೆಲಸ, ಬೆಳಗಿನ ಜಾವ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ ಕೆಲಸ. ಎರಡನ್ನೂ ಒಟ್ಟಿಗೆ ಬಹಳ ವರ್ಷ ಮಾಡಿದೆ. ಈಗ ಕಣ್ಣು ಸಾಕು ಅಂದಿದೆ, ಬಿಟ್ಟಿದ್ದೇನೆ. ಚಿತ್ರ ಕಲಿಯುವ ಹುಡುಗಿಯರು ಕೆಲವರು ಮನೆಗೆ ಬಂದು ಹೇಗಿತ್ತು, ಏನಿತ್ತು ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯಲು ಕುಳಿತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತ ತಿದ್ದಿದವಳು ತಂಗಿಯ ಮಗಳು. ಮಾತು ನನ್ನದೇ.

ಮೊದಲು ಸ್ಟುಡಿಯೋ. ಅಲ್ಲಿಗೆ ನಾನು ಸೇರಿದ್ದು ಕಸ ಗುಡಿಸಲು, ಫೋಟೋ ತೊಳೆಯುವ ಟ್ರೇ ಉಜ್ಜಲು. ಯಜಮಾನರು ಖಾಸಿಂ ಸಾಬ್ರು. ಒಳ್ಳೆ ಕೈ, ಕೆಟ್ಟ ಬಾಯಿ. ಅವರ ಕಣ್ಣಿನಲ್ಲಿ ಪೊರೆ ಬೆಳೆಯುತ್ತಿತ್ತು, ಡಾಕ್ಟರ ಹತ್ತಿರ ಹೋಗಲು ಹೆದರಿಕೆ. ಒಂದು ದಿನ ನಾನು ಹಿಂದಿನ ಗೋಡೆಯ ಸುಣ್ಣದ ಮೇಲೆ ಇದ್ದಿಲಿನಿಂದ ಅವರ ಮುಖವನ್ನೇ ಗೀಚಿದ್ದು ಅವರ ಕಣ್ಣಿಗೆ ಬಿತ್ತು. ಕೆಲಸ ಹೋಯಿತು ಅಂದುಕೊಂಡೆ.

"ಇದು ಯಾರಮ್ಮ ತಿಪ್ಪಕ್ಕ?"

"ನೀವೇ ಸಾಬ್ರೆ."

"ಮೂಗು ಇಷ್ಟುದ್ದ ಐತಾ ನಂದು?"

"ಇನ್ನೂ ಐತೆ. ಗೋಡೆ ಸಾಲಲಿಲ್ಲ."

ಮಾರನೆಯ ದಿನದಿಂದ ಪೊರಕೆ ಹೋಗಿ ಕೈಗೆ ಪೆನ್ಸಿಲ್ ಬಂತು. ಟಚಿಂಗ್ ಕೆಲಸ.

ಟಚಿಂಗ್ ಅಂದರೆ ಏನು ಅಂತ ಈಗಿನವರಿಗೆ ಗೊತ್ತಿಲ್ಲ. ಫೋಟೋ ಅಚ್ಚಾಗುವ ಮೊದಲು ನೆಗೆಟಿವ್ ಇರುತ್ತಿತ್ತಲ್ಲ, ಅದನ್ನು ಇಳಿಜಾರು ಮೇಜಿನ ಗಾಜಿನ ಮೇಲೆ ಇಟ್ಟು, ಕೆಳಗಿನಿಂದ ಬೆಳಕು ಬಿಟ್ಟುಕೊಂಡು, ಸೂಜಿಯಂತೆ ಮಸೆದ ಪೆನ್ಸಿಲ್ಲಿನಿಂದ ಮುಖ ತಿದ್ದುವುದು. ನೆಗೆಟಿವ್‌ನಲ್ಲಿ ಕಪ್ಪು ಬಿಳಿಯಾಗಿರುತ್ತದೆ, ಬಿಳಿ ಕಪ್ಪಾಗಿರುತ್ತದೆ. ಸುಕ್ಕು, ಮೊಡವೆ, ಮಚ್ಚೆ ಎಲ್ಲ ಬಿಳಿ ಗೆರೆ, ಬಿಳಿ ಚುಕ್ಕೆ. ಅದನ್ನು ಪೆನ್ಸಿಲ್ಲಿನಿಂದ ತುಂಬಿದರೆ ಫೋಟೋದಲ್ಲಿ ಮಾಯ. ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ. ನೆಗೆಟಿವ್‌ಗೆ ಎರಡು ಮಗ್ಗುಲು. ಒಂದು ನುಣುಪು, ಒಂದು ಒರಟು. ನುಣುಪು ಮಗ್ಗುಲಿನಲ್ಲಿ ಪೆನ್ಸಿಲ್ ಜಾರುತ್ತದೆ. ಹಾಗಾಗಿ ಟಚಿಂಗ್ ಯಾವಾಗಲೂ ಒರಟು ಮಗ್ಗುಲಿನಲ್ಲಿ. ಆ ಕಡೆಯಿಂದ ನೋಡಿದರೆ ಮನುಷ್ಯ ತಿರುವುಮುರುವಾಗಿ ಕಾಣುತ್ತಾನೆ, ಅವನ ಎಡ ಬಲವಾಗಿ, ಬಲ ಎಡವಾಗಿ. ದಿನಕ್ಕೆ ಮೂವತ್ತು ನಲವತ್ತು ಮುಖ, ಹತ್ತು ವರ್ಷ, ಎಲ್ಲ ತಿರುವುಮುರುವು. ಅದೇ ಸರಿ ಅನ್ನಿಸುವಷ್ಟು ರೂಢಿಯಾಗಿಬಿಟ್ಟಿತ್ತು.

ಮೊದಮೊದಲು ಕೈ ನಿಲ್ಲುತ್ತಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಅಳಿಸುತ್ತಿದ್ದೆ. ತಳಕಿನ ಕಡೆಯ ಒಬ್ಬ ಮುದುಕ ಯಾವುದೋ ಕಚೇರಿಗೆ ಕೊಡಲು ಫೋಟೋ ತೆಗೆಸಿಕೊಂಡು ಹೋದ. ಎರಡು ದಿನಕ್ಕೆ ವಾಪಸ್ ಬಂದು ನನ್ನ ಮೇಜಿನ ಮುಂದೆ ನಿಂತ. ಕೆನ್ನೆಯ ಮೇಲೆ ಕಡಲೆಕಾಳಿನಷ್ಟು ಮಚ್ಚೆ.

"ನನ್ನ ಮಚ್ಚೆ ಎಲ್ಲಿ ಮಡಗಿದೀಯವ್ವ? ಕೊಡು."

"ಚೆಂದ ಕಾಣ್ಲಿ ಅಂತ ತೆಗೆದೆ ಯಜಮಾನ್ರೆ."

"ಈ ವಯಸ್ಸಿಗೆ ನನಗೆ ಹೆಣ್ಣು ಕೊಡ್ತಾರಾ, ಚೆಂದ ಕಾಣಾಕೆ? ಆಫೀಸಿನೋನು ಇದು ನೀನಲ್ಲ ಅಂತಾನೆ. ಅರವತ್ತು ವರ್ಷ ಹೊತ್ಕಂಡು ತಿರುಗಿದ ಮಚ್ಚೆ ಅದು."

ಕುಂಚದಿಂದ ಫೋಟೋದ ಮೇಲೆ ಒಂದು ಚುಕ್ಕೆ ಇಟ್ಟುಕೊಟ್ಟೆ. ಅವನು ಕನ್ನಡಿಯಲ್ಲಿ ನೋಡಿಕೊಂಡು, ಫೋಟೋ ನೋಡಿ, "ಒಸಿ ದಪ್ಪ ಮಾಡು" ಅಂದ. ಮಾಡಿದೆ. ಆಮೇಲೆ ಸಾಬ್ರು ನನಗೆ ಬೈದದ್ದನ್ನು ಬರೆಯುವುದಿಲ್ಲ.

ಮಕ್ಕಳ ಪುಸ್ತಕ ಬಂದದ್ದು ಬೋರಯ್ಯ ಮೇಷ್ಟ್ರಿಂದ. ಮೊಳಕಾಲ್ಮೂರಿನ ಕಡೆಯ ಒಂದು ಹಳ್ಳಿಯ ಶಾಲೆಯವರು. ಪರೀಕ್ಷೆ ಕಟ್ಟುವ ಮಕ್ಕಳ ಫೋಟೋ ತೊಳೆಸಲು ಸ್ಟುಡಿಯೋಕ್ಕೆ ಬಂದಿದ್ದರು. ಫೋಟೋ ಕಾಗದ ಸುತ್ತಿ ಬರುವ ಕರಿ ಹಾಳೆಯ ಮೇಲೆ ನಾನು ಸೀಮೆಸುಣ್ಣದಲ್ಲಿ ಗೀಚಿದ್ದನ್ನು ನೋಡಿ ಅಲ್ಲೇ ಕುಳಿತುಬಿಟ್ಟರು. ಆ ಕಡೆಯ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಒಂದು ಪುಟಕ್ಕೆ ಒಂದೇ ಸಾಲು ಕನ್ನಡ, ಉಳಿದದ್ದೆಲ್ಲ ಚಿತ್ರ, ಅಂಥ ಸಣ್ಣ ಪುಸ್ತಕಗಳನ್ನು ಮೇಷ್ಟ್ರುಗಳೇ ಸೇರಿ ಅಚ್ಚು ಹಾಕಿಸುತ್ತಿದ್ದರು. "ಮಕ್ಕಳು ಮೊದ್ಲು ಚಿತ್ರ ಓದ್ತವೆ ಅಕ್ಕ, ಆಮ್ಯಾಲೆ ಅಕ್ಷರ. ಚಿತ್ರ ತಪ್ಪಿದ್ರೆ ಕತೇನೇ ತಪ್ಪು" ಅಂದರು. ಅವರು ಕಥೆ ಓದಿ ಹೇಳುತ್ತಿದ್ದರು, ನಾನು ಕಿವಿಯಲ್ಲಿ ಹಿಡಿದುಕೊಂಡು ಬಂದು ಬರೆಯುತ್ತಿದ್ದೆ. ಬೆಳಿಗ್ಗೆ ಐದರಿಂದ ಎಂಟರವರೆಗೆ. ಎಂಟೂವರೆಗೆ ಸ್ಟುಡಿಯೋ ಬಾಗಿಲು.

ಮೊದಲ ಪುಸ್ತಕ ಒಂದು ಮೇಕೆಮರಿಯದು. ಮೇಷ್ಟ್ರು ಚಿತ್ರ ನೋಡಿ ನಕ್ಕರು.

"ಅಕ್ಕ, ಈ ಮೇಕೆ ಫೋಟೋಕ್ಕೆ ನಿಂತಂಗೈತೆ. ಪಕ್ಕದಾಗೆ ಒಂದು ಹೂವಿನ ಸ್ಟಾಂಡ್ ಇಟ್ಟುಬಿಡ್ರಿ."

ನಿಜ. ಮೇಕೆ, ಕುರಿಗಾಹಿ, ಮರ, ಎಲ್ಲವೂ ನನ್ನ ಕಡೆ ಮುಖ ಮಾಡಿ ನೆಟ್ಟಗೆ ನಿಂತಿದ್ದವು. ಸ್ಟುಡಿಯೋ ಚಾಳಿ. ಸಾಲದ್ದಕ್ಕೆ ಮೇಕೆಯ ಬಾಲವನ್ನು ಕೆಳಗೆ ಇಳಿಬಿಟ್ಟಿದ್ದೆ. ನಾನು ಹುಟ್ಟಿದ್ದು ಬಿ.ಜಿ. ಕೆರೆಯ ಕುರಿ ಕಾಯುವವರ ಮನೆಯಲ್ಲಿ. ಕುರಿ ಬಾಲ ಇಳಿಬಿಡುತ್ತದೆ, ಮೇಕೆ ಬಾಲ ನಿಗುರಿಸುತ್ತದೆ ಅಂತ ನಡೆಯಲು ಬರುವ ಮೊದಲೇ ಗೊತ್ತಿತ್ತು. ಆದರೂ ತಪ್ಪು ಬರೆದೆ. ಗೊತ್ತಿರುವುದು ಬೇರೆ, ನೋಡಿ ಬರೆಯುವುದು ಬೇರೆ. ಮುಂದಿನ ಭಾನುವಾರ ಉಳ್ಳಾರ್ತಿ ಕಾವಲ್ ಕಡೆ ಹೋಗಿ ಒಂದು ಮಂದೆಯ ಪಕ್ಕ ಕುಳಿತೆ. ಮಂದೆಯವನು ಬಹಳ ಹೊತ್ತು ನನ್ನನ್ನೇ ನೋಡಿದ.

"ಕೊಳ್ಳಾಕೆ ಬಂದ್ಯೇನಮ್ಮ?"

"ಇಲ್ಲ. ಬಾಲ ನೋಡಾಕೆ."

"ನೋಡು ನೋಡು. ಅದಕ್ಕೇನೂ ದುಡ್ಡು ಕೇಳಲ್ಲ" ಅಂದು ಕಂಬಳಿ ಹೊದ್ದು ಮಲಗಿದ. ಅವತ್ತು ಕಲಿತದ್ದು ಸ್ಟುಡಿಯೋದಲ್ಲಿ ಹತ್ತು ವರ್ಷ ಕುಳಿತರೂ ಬರುತ್ತಿರಲಿಲ್ಲ.

ಹೀಗೆ ಮೂರು ಪುಸ್ತಕ ಆದವು. ನಾಲ್ಕನೆಯದು ಮುದ್ದೆಯ ಕಥೆ. ಒಬ್ಬ ಅಜ್ಜಿ ಒಂದೇ ಒಂದು ಮುದ್ದೆ ಮಾಡಿಕೊಂಡು ಉಣ್ಣಲು ಕೂರುತ್ತಾಳೆ. ಒಬ್ಬೊಬ್ಬರೇ ಬರುತ್ತಾರೆ. ಎಲ್ಲರಿಗೂ ಮುರಿದು ಮುರಿದು ಕೊಡುತ್ತಾಳೆ. ಹನ್ನೆರಡು ಚಿತ್ರ, ಹನ್ನೆರಡರಲ್ಲೂ ಕೈ. ಮುರಿಯುವ ಕೈ, ನೀಡುವ ಕೈ, ಉಣ್ಣುವ ಕೈ. ಮನುಷ್ಯರ ಕೈ ಬರೆಯುವುದು ಬಲು ಕಷ್ಟ. ಮುಖದಲ್ಲಿ ತಪ್ಪಿದರೆ ಬೇರೆ ಯಾರೋ ಆಗುತ್ತಾರೆ, ಕೈ ತಪ್ಪಿದರೆ ಬದನೆಕಾಯಿ ಗೊಂಚಲಾಗುತ್ತದೆ.

ಮೇಕೆಯನ್ನು ನೋಡಿ ಬರೆದಂತೆ ಕೈಯನ್ನೂ ನೋಡಿ ಬರೆಯಬೇಕು ಅಂತ ಪಕ್ಕದ ಮನೆಯ ಮಾರಕ್ಕ ಮತ್ತು ಅವಳ ಮಕ್ಕಳನ್ನು ಉಣ್ಣಲು ಕೂರಿಸಿದೆ. ಕ್ಯಾಮೆರಾ ಹಿಡಿದರೆ ಸಾಕು, ಅವರು ಉಣ್ಣುವುದು ಬಿಟ್ಟು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಸಾಬ್ರು ಬಂದು, "ಮುದ್ದೆ ತಣ್ಣಗಾಗ್ತೈತೆ, ನುಂಗ್ರೋ" ಎಂದು ಗದರಿಸಿ ಒಂದು ರೋಲು ತೆಗೆದುಕೊಟ್ಟರು. ಮದುವೆ ಕಾಲ. ಕತ್ತಲೆ ಕೋಣೆಯಲ್ಲಿ ಮದುವೆ ಫೋಟೋಗಳೇ ರಾಶಿ. ನನ್ನ ರೋಲಿಗೆ ಅಚ್ಚು ಹಾಕಲು ಪುರುಸೊತ್ತಿಲ್ಲ. ಅಚ್ಚು ಯಾಕೆ, ನೆಗೆಟಿವ್ ಓದಲು ನನಗೆ ಬರುವುದಿಲ್ಲವೇ ಅಂತ ಜಂಬ. ಒಂದು ವಾರ ಬೆಳಿಗ್ಗೆ ಬೇಗ ಸ್ಟುಡಿಯೋಕ್ಕೆ ಹೋಗಿ, ನೆಗೆಟಿವ್‌ಗಳನ್ನು ಟಚಿಂಗ್ ಮೇಜಿನ ಮೇಲಿಟ್ಟು, ಭೂತಗನ್ನಡಿ ಹಿಡಿದು ನೋಡಿಕೊಂಡು ಹನ್ನೆರಡೂ ಚಿತ್ರ ಮುಗಿಸಿದೆ. ಎಂದಿನಂತೆ ಒರಟು ಮಗ್ಗುಲು ಮೇಲೆ.

ಚಿತ್ರ ಬರೆಯುತ್ತಿದ್ದದ್ದು ಬೆಳಕು ಹಾಯುವ ತೆಳು ಹಾಳೆಯ ಮೇಲೆ, ಕರಿ ಮಸಿಯಲ್ಲಿ. ದುರ್ಗದ ಪ್ರೆಸ್ಸಿನವರು ಆ ಹಾಳೆಯನ್ನೇ ನೇರ ತಗಡಿನ ಮೇಲಿಟ್ಟು ಬೆಳಕು ಬಿಟ್ಟು ಅಚ್ಚಿನ ಪ್ಲೇಟ್ ಮಾಡುತ್ತಿದ್ದರು. ಇಂಥ ಹಾಳೆಯಲ್ಲಿ ಹಿಂದುಮುಂದು ಎರಡೂ ಕಡೆಯಿಂದ ಚಿತ್ರ ಕಾಣುತ್ತದೆ. ಯಾವ ಕಡೆ ಬರೆದದ್ದು ಅಂತ ಬರೆದವಳಿಗೆ ಮಾತ್ರ ಗೊತ್ತು, ಇಲ್ಲವೆ ಬೆರಳಿನಿಂದ ಸವರಿ ಮಸಿ ಎಲ್ಲಿ ಉಬ್ಬಿದೆ ಅಂತ ನೋಡಬೇಕು. ಮೇಷ್ಟ್ರು ಬಸ್ ಸ್ಟಾಂಡಿನಲ್ಲಿ ಹಾಳೆಗಳನ್ನು ಒಂದೊಂದಾಗಿ ಆಕಾಶಕ್ಕೆ ಹಿಡಿದು ನೋಡಿದರು. "ಈ ಸಲ ಕೈ ಕೈಯಂಗೈತೆ ಅಕ್ಕ" ಅಂದರು. ದುರ್ಗಕ್ಕೆ ಹೋದವು.

ಪುಸ್ತಕ ಅಚ್ಚಾಗಿ ಬಂದ ಮೇಲೆ ಒಂದು ಶನಿವಾರ ಮೇಷ್ಟ್ರು ನನ್ನನ್ನು ಶಾಲೆಗೆ ಕರೆದರು. ಮಕ್ಕಳು ಓದುವುದನ್ನು ನೋಡಿ ಅಂತ. ಮುಂದಿನ ಸಾಲಿನ ಒಂದು ಹುಡುಗಿ ಪುಸ್ತಕ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು.

"ಸಾ, ಅವ್ವ ಎಡಮ ಚೇತ್ತೋ ತಿಂಟಾಂದಿ ಸಾ!"

ಅಜ್ಜಿ ಎಡಗೈಲಿ ತಿಂತಾಳೆ ಅಂತ. ಇಡೀ ಶಾಲೆ ಗೊಳ್ಳೆಂದಿತು. ಮೇಷ್ಟ್ರು ಪುಟ ತಿರುವಿದರು. ಅಜ್ಜಿ ಎಡಗೈ. ಮೊಮ್ಮಗ ಎಡಗೈ. ದೇವರ ಮುಂದೆ ಎಡೆ ಇಡುವ ಚಿತ್ರದಲ್ಲೂ ಎಡಗೈ. ಬಾಗಿಲಲ್ಲಿ ನಿಂತಿದ್ದ ಒಬ್ಬ ತಾಯಿ, "ಇದೇನು ಸಾ, ತೊಳೆಯೋ ಕೈಯಾಗೆ ದೇವರಿಗೆ ಇಡ್ತಾರೆ, ಇದನ್ನ ಮಕ್ಕಳಿಗೆ ಕಲಿಸ್ತೀರಾ?" ಅಂದಳು.

"ಪ್ರೆಸ್ಸಿನೋರು ಹಾಳೆ ತಿರುವಿ ಹಾಕಿದಾರೆ" ಅಂದರು ಮೇಷ್ಟ್ರು.

ನಾನೂ ನಂಬಿದೆ. ನಂಬಿದ್ದಷ್ಟೇ ಅಲ್ಲ, ಎಲ್ಲರಿಗಿಂತ ಜೋರಾಗಿ ಬೈದೆ. "ಕಣ್ಣು ಎಲ್ಲಿ ಇಟ್ಕಂಡು ಕೆಲ್ಸ ಮಾಡ್ತಾನೋ ಮುಟ್ಠಾಳ" ಅಂದೆ. ಪುಸ್ತಕಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಿದರು. ಮೇಷ್ಟ್ರು ಅಲ್ಲೇ ಕುಳಿತು ಪ್ರೆಸ್ಸಿಗೆ ಕಾಗದ ಬರೆದರು.

ಎರಡು ವಾರಕ್ಕೆ, ಶನಿವಾರ, ಸ್ಟುಡಿಯೋಕ್ಕೆ ನನ್ನ ಹೆಸರಿಗೆ ಒಂದು ಪಾರ್ಸೆಲ್ ಬಂತು. ಒಳಗೆ ನನ್ನ ಹನ್ನೆರಡು ಹಾಳೆ, ಪ್ರೆಸ್ಸಿನ ಯಜಮಾನರ ಒಂದು ಕಾಗದ. ಸಾಬ್ರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ತಪ್ಪು ನಮ್ಮದು, ಪುಸ್ತಕ ಹೊಸದಾಗಿ ನಮ್ಮ ಖರ್ಚಿನಲ್ಲೇ ಅಚ್ಚು ಹಾಕಿಕೊಡುತ್ತೇವೆ, ಚಿತ್ರ ಬರೆದವರು ಪ್ರತಿ ಹಾಳೆಯ ಸರಿಯಾದ ಮಗ್ಗುಲಿಗೆ ಒಂದು ಗುರುತು ಹಾಕಿ ಕಳಿಸಬೇಕು. ಪ್ಲೇಟ್ ಮಾಡುವ ರುದ್ರಣ್ಣ ಎಂಬುವವನನ್ನು ಸೋಮವಾರದಿಂದ ಕೆಲಸದಿಂದ ಬಿಡಿಸುತ್ತಿದ್ದೇವೆ.

ಗುರುತು ಹಾಕಲು ಪೆನ್ಸಿಲ್ ತೆಗೆದುಕೊಂಡು ಮೊದಲ ಹಾಳೆಯ ಮೇಲೆ ಬೆರಳಾಡಿಸಿದೆ. ಮಸಿ ಉಬ್ಬಿದ್ದ ಮಗ್ಗುಲನ್ನು ಮೇಲೆ ಮಾಡಿದೆ. ಅಜ್ಜಿ ಎಡಗೈಯಲ್ಲಿ ಮುದ್ದೆ ಮುರಿಯುತ್ತಿದ್ದಳು. ಎರಡನೆಯದು ನೋಡಿದೆ, ಮೂರನೆಯದು ನೋಡಿದೆ. ಹನ್ನೆರಡೂ. ಪಕ್ಕದಲ್ಲೇ ನನ್ನ ಟಚಿಂಗ್ ಮೇಜು, ಅದರ ಮೇಲೆ ಯಾರೋ ಮದುಮಗಳ ನೆಗೆಟಿವ್, ಒರಟು ಮಗ್ಗುಲು ಮೇಲೆ, ತಿರುವುಮುರುವು. ಆಗ ಗೊತ್ತಾಯಿತು.

ಕೊನೆಯ ಹಾಳೆಯ ಹಿಂದೆ ಒಂದು ಚೀಟಿ ಅಂಟಿಕೊಂಡಿತ್ತು. ಅದನ್ನು ಸಾಬ್ರಿಗೆ ಕೊಡಲಿಲ್ಲ. ನಾನೇ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ, ಬಹಳ ಹೊತ್ತು ಹಿಡಿಯಿತು. 'ಅಕ್ಕ ಮಸಿ ಇರೋ ಕಡೆನೇ ಮ್ಯಾಲೆ ಹಾಕೀನಿ. ಒಂದ್ಸಲ ನೋಡು. ರುದ್ರಣ್ಣ.'

"ಸಾಬ್ರೆ, ತಪ್ಪು ನಂದು."

ಸಾಬ್ರು ಹಾಳೆ ಇಸಿದುಕೊಂಡು ಸವರಿದರು. ನೆಗೆಟಿವ್‌ ಕಡೆ ಒಮ್ಮೆ ನೋಡಿದರು. ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಲಸ ಕಲಿಸಿದವರೇ ಅವರು.

"ನನಗೆ ಕಣ್ಣು ಕಾಣಲ್ಲಮ್ಮ. ಪೊರೆ. ನಾನೇನೂ ನೋಡಿಲ್ಲ" ಅಂದು ಹಾಳೆ ವಾಪಸ್ ಕೊಟ್ಟು ಕತ್ತಲೆ ಕೋಣೆಗೆ ಹೋದರು.

ನೋಡಿ, ಎಷ್ಟು ಸಲೀಸಾಗಿತ್ತು. ಹಾಳೆ ತಿರುವಿ ಮಸಿ ಇಲ್ಲದ ಮಗ್ಗುಲಿಗೆ ಒಂದೊಂದು ಗುರುತು. ಹನ್ನೆರಡು ಗೀಟು. ಪುಸ್ತಕ ಸರಿಯಾಗಿ ಬರುತ್ತದೆ, ನನ್ನ ಹೆಸರು ಉಳಿಯುತ್ತದೆ. ಸುಳ್ಳು ಹೇಳುವುದಿಲ್ಲ, ಒಂದು ಹಾಳೆಯ ಮೇಲೆ ಗುರುತನ್ನೂ ಹಾಕಿದೆ. ಆಮೇಲೆ ರಬ್ಬರಿನಿಂದ ಅಳಿಸಿದೆ. ಧರ್ಮಕ್ಕೆ ಅಂಜಿ ಅಲ್ಲ. ಆ ಚೀಟಿಯವನು ನನ್ನ ಹಾಗೆಯೇ ಗಾಜಿನ ಮುಂದೆ ಬಗ್ಗಿ ಕುಳಿತು ದುಡಿಯುವವನು. ಅವನಿಗೆ ಮುಟ್ಠಾಳ ಅಂದಿದ್ದು ನನ್ನ ಕಿವಿಯಲ್ಲೇ ಇತ್ತು.

ಭಾನುವಾರ ಬಸ್ ಹತ್ತಿ ಮೇಷ್ಟ್ರ ಮನೆಗೆ ಹೋದೆ. ಹಾಳೆಯನ್ನು ಅವರ ಮುಂದೆ ಹಾಸಿ, "ಬೆರಳಿಂದ ಮುಟ್ಟಿ ನೋಡ್ರಿ" ಅಂದೆ. ಮುಟ್ಟಿದರು. ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಇದು ಯಾರಿಗೆ ಗೊತ್ತು?"

"ಸಾಬ್ರಿಗೆ. ಕಣ್ಣು ಕಾಣಲ್ಲ ಅಂದ್ರು."

"ಹಂಗಾದ್ರೆ ನನಗೂ ಕಾಣಲ್ಲ ಅನ್ಕೊಳ್ರಿ ಅಕ್ಕ."

"ನೀವು ಮೇಷ್ಟ್ರು. ನಿಮಗೆ ಕಾಣ್ಬೇಕು."

"ಕೇಳ್ರಿ ಇಲ್ಲಿ. ನೀವು ಹೇಳಿದ್ರೆ ಪ್ರೆಸ್ಸಿನೋನು ಒಂದು ಹಾಳೆನೂ ಅಚ್ಚು ಹಾಕಲ್ಲ. ಮಕ್ಕಳಿಗೆ ಪುಸ್ತಕ ಇಲ್ಲ. ಇನ್ನು ಮ್ಯಾಲೆ ತಿಪ್ಪಕ್ಕನಿಗೆ ಚಿತ್ರ ಕೊಡಬ್ಯಾಡ್ರಿ ಅಂತ ಉಳಿದ ಮೇಷ್ಟ್ರುಗಳು ಅಂತಾರೆ, ನಾನು ತಡಿಯಾಕಾಗಲ್ಲ. ಪ್ಲೇಟ್ ಮಾಡೋನಿಗೆ ದುರ್ಗದಾಗೆ ಬೇರೆ ಪ್ರೆಸ್ ಸಿಗ್ತೈತೆ."

"ನನಗೂ ಬೇರೆ ಮೇಷ್ಟ್ರು ಸಿಗ್ತಾರೆ."

"ಸಿಗಲ್ಲ. ಅದಕ್ಕೇ ಹೇಳ್ತಿರೋದು."

ಅದು ನಿಜ. ಹಾಳೆಗಳನ್ನು ಸುತ್ತಿದೆ.

"ಕಾಗದಕ್ಕೆ ಸಹಿ ಹಾಕಿದೋನು ನಾನು. ನಾನು ಹೆಂಗೆ ಹೋಗಿ ಹೇಳ್ಲಿ?" ಅಂದರು ಮೇಷ್ಟ್ರು. ಪಾಪ, ಒಳ್ಳೆಯ ಮನುಷ್ಯ. ಆ ಪುಸ್ತಕಗಳಿಗಾಗಿ ಬಹಳ ತಿರುಗಿದ್ದರು.

"ನೀವು ಬರಬ್ಯಾಡ್ರಿ. ಬರೆದೋಳು ನಾನು. ನಾನೇ ಹೋಗ್ತೀನಿ."

ಮುಂದೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮೇಷ್ಟ್ರು ಹೇಳಿದಂತೆಯೇ ಆಯಿತು. ಹೆಚ್ಚುಕಡಿಮೆ ಎರಡು ವರ್ಷ ಯಾರೂ ನನಗೆ ಚಿತ್ರ ಕೊಡಲಿಲ್ಲ. ಆಮೇಲೆ ಕೊಟ್ಟರು, ಬೇರೆ ಯಾರಿಗೂ ಮೇಕೆ ಬರೆಯಲು ಬರುತ್ತಿರಲಿಲ್ಲ. ಮುದ್ದೆಯ ಪುಸ್ತಕಕ್ಕೆ ಪ್ರತಿ ಚಿತ್ರದ ಮೇಲೂ ಸರಿ ಮಾಡಿದ ಚಿತ್ರದ ಚೀಟಿ ಅಂಟಿಸಬೇಕಾಯಿತು. ಮೈದಾ ಗಂಜಿ ಕಾಯಿಸಿ ಮೇಷ್ಟ್ರುಗಳು, ಮಕ್ಕಳು, ನಾನು ಎಲ್ಲ ಕೂತು ಅಂಟಿಸಿದೆವು. ಪುಸ್ತಕ ದಿಂಬಿನಂತೆ ಉಬ್ಬಿತು. ಮಕ್ಕಳು ಚೀಟಿ ಕಿತ್ತು ಕಿತ್ತು ಕೆಳಗಿನ ಎಡಗೈ ನೋಡುತ್ತಿದ್ದರು. ಸ್ಟುಡಿಯೋಕ್ಕೆ ಕಂಪ್ಯೂಟರ್ ಬಂದು ಟಚಿಂಗ್ ಮೇಜು ಅಟ್ಟ ಸೇರಿತು. ಈಗ ಒಂದು ಗುಂಡಿ ಒತ್ತಿದರೆ ಚಿತ್ರ ತಿರುಗುತ್ತದಂತೆ. ಒಳ್ಳೆಯದೇ. ಆದರೆ ಯಾವ ಕಡೆ ತಿರುಗಬೇಕು ಅನ್ನುವುದು ಗುಂಡಿಗೆ ಗೊತ್ತಿರುವುದಿಲ್ಲ, ಅದನ್ನು ಒತ್ತುವವರು ನೋಡಿಕೊಳ್ಳಬೇಕು. ಇನ್ನೊಂದು ಬುದ್ಧಿಮಾತು: ತಪ್ಪು ಕಂಡಾಗ ಮೊದಲು ನಿಮ್ಮ ಮೇಜು ನೋಡಿಕೊಳ್ಳಿ, ಆಮೇಲೆ ಊರಿಗೆ ಬೈಯಿರಿ. ನಾನು ಹಿಂದುಮುಂದಾಗಿ ಮಾಡಿದೆ.

ಮೇಷ್ಟ್ರ ಮನೆಗೆ ಹೋಗಿ ಬಂದ ಮಾರನೆಯ ಬೆಳಿಗ್ಗೆ, ಸೋಮವಾರ, ಮೊದಲ ಬಸ್ಸಿಗೆ ದುರ್ಗಕ್ಕೆ ಹೋದೆ. ಪ್ರೆಸ್ಸಿನ ಬಾಗಿಲು ಇನ್ನೂ ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತೆ. ಯಜಮಾನರು ಬೀಗದ ಕೈ ಹಿಡಿದು ಬಂದರು.

"ಏನಮ್ಮ, ಲಗ್ನಪತ್ರಿಕೆನಾ?"

"ಅಲ್ಲ. ಎಡಗೈ ಅಜ್ಜಿ ಬರೆದೋಳು ನಾನು. ಹಾಳೆ ನಿಮ್ಮೋನು ತಿರುವಿ ಹಾಕಿಲ್ಲ. ನಾನೇ ತಿರುವಿ ಬರೆದೀನಿ. ಮುಟ್ಟಿ ನೋಡ್ರಿ."

ಅವರು ಮುಟ್ಟಿ ನೋಡಿದರು. ಮುಖ ಕೆಂಪಾಯಿತು.

"ಎರಡು ವಾರ ಅವನಿಗೆ ಬೈದೀನಲ್ಲಮ್ಮ!"

"ಅಷ್ಟನ್ನೂ ಈಗ ನನಗೆ ಬೈಯ್ರಿ. ಆಮ್ಯಾಲೆ ಅವನ್ನ ಕರೆಸ್ರಿ."

ಬೈದರು. ಚೆನ್ನಾಗಿ ಬೈದರು, ಏನೂ ಉಳಿಸಿಕೊಳ್ಳಲಿಲ್ಲ. ಪುಸ್ತಕ ಮತ್ತೆ ಅಚ್ಚು ಹಾಕುವುದಿಲ್ಲ ಅಂದರು. ನಿಮ್ಮಲ್ಲಿ ಕತ್ತರಿಸಿ ಮಿಕ್ಕ ತುಂಡು ಕಾಗದದಲ್ಲಿ ಚಿತ್ರ ಮಾತ್ರ ಅಚ್ಚು ಹಾಕಿಕೊಡಿ, ಅಂಟಿಸಿಕೊಳ್ಳುತ್ತೇವೆ ಅಂದೆ. ಗೊಣಗಿ ಒಪ್ಪಿದರು. ಪುಸ್ತಕ ಹೊಲಿಯುವವನನ್ನು ಕಳಿಸಿ ರುದ್ರಣ್ಣನನ್ನು ಕರೆಸಿದರು. ನನ್ನ ವಯಸ್ಸಿನ ಸಣಕಲು ಮನುಷ್ಯ. ನನ್ನ ಕಡೆ ನೋಡಲಿಲ್ಲ, ನಮಸ್ಕಾರವೂ ಇಲ್ಲ. ಅಂಗಿ ತೆಗೆದು ಮೊಳೆಗೆ ಹಾಕಿ, ತನ್ನ ಜಾಗಕ್ಕೆ ಹೋಗಿ, ಗಾಜು ಒರೆಸಿ, ಹಾಳೆಗೆ ಕೈ ನೀಡಿದ.

"ಯಾವ ಮಗ್ಗುಲು ಮ್ಯಾಲೆ ಅಂತ ನಿನ್ನ ಬಾಯಾಗೆ ಹೇಳಕ್ಕ. ಯಜಮಾನ್ರು ಕೇಳುವಂಗೆ ಜೋರಾಗಿ ಹೇಳು."

ಅವನ ಪಕ್ಕದಲ್ಲಿ ನಿಂತೆ. ಒಂದೊಂದು ಹಾಳೆಗೂ ಮೊದಲು ನನ್ನ ಬಲಗೈಯನ್ನು ಬಾಯಿಯವರೆಗೆ ಒಯ್ದು, ತುತ್ತು ಇಟ್ಟುಕೊಂಡಂತೆ ಮಾಡಿ ನೋಡಿಕೊಂಡು, ಆಮೇಲೆ ಜೋರಾಗಿ ಹೇಳಿದೆ. ಹನ್ನೆರಡು ಸಲ.